ಕಾಸರಗೋಡಿನ ಹೊಸದುರ್ಗದಿಂದ ಜಿನೀವಾದವರೆಗೆ: ಪ್ರೊ ಬೋನೊ ವಕಾಲತ್ತಿನ ಮೇಲೆ ಹೊರದೇಶದಲ್ಲಿ ಪಿಎಚ್‌ಡಿ

ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಕಾನೂನು ಓದಿ, ಎಲ್‌ಎಲ್‌ಎಂ ಮುಗಿಸಿ, ಕಾಸರಗೋಡು ವಿದ್ಯಾನಗರದ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಜೊತೆ ಕೆಲಸ ಕಲಿಯುತ್ತಲೇ ಹೊರದೇಶದ ಪಿಎಚ್‌ಡಿಯ ಯೋಚನೆ ಇಟ್ಟುಕೊಂಡವರಿಗಾಗಿ ಈ ಬರಹ. ವಿಷಯ ಪ್ರೊ ಬೋನೊ, ಅಂದರೆ ವಕೀಲರು ಫೀಸು ತೆಗೆದುಕೊಳ್ಳದೆ ಮಾಡುವ ಕೆಲಸ. ಅದರ ಜೊತೆಗೆ ಊರಿನ ಒಂದು ದೂರು ಅಂತಾರಾಷ್ಟ್ರೀಯ ವೇದಿಕೆಯವರೆಗೆ ಹೋಗುವ ದಾರಿ, ಅಂದರೆ ಜಾಗತಿಕ ಅಡ್ವೊಕಸಿ. ಬ್ರಿಟನ್, ಯುರೋಪ್, ಆಸ್ಟ್ರೇಲಿಯಾದ ಕಾನೂನು ವಿಭಾಗಗಳಲ್ಲಿ ಇದಕ್ಕೆ ಗೈಡುಗಳಿದ್ದಾರೆ, ಹಣವೂ ಇದೆ. ನಮ್ಮ ಕಡೆಯವರ ಅರ್ಜಿಗಳು ಸೋಲುವುದು ಹೆಚ್ಚಾಗಿ ಪ್ರಪೋಸಲ್‌ನ, ಅಂದರೆ ಸಂಶೋಧನೆಯ ಯೋಜನಾಪತ್ರದ, ಮೊದಲ ಪುಟದಲ್ಲೇ.

ಆ ಪುಟದಲ್ಲಿ ಕಾಣುವ ದೊಡ್ಡ ತೊಡಕು ಉಚಿತ ಕಾನೂನು ನೆರವನ್ನೂ ಪ್ರೊ ಬೋನೊವನ್ನೂ ಒಂದೇ ಎಂದು ಬರೆಯುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುವುದು ಸರಕಾರದ ನೆರವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಹೇಳುವ ವರ್ಗದವರಿಗೆ ಅದು ಹಕ್ಕು, ಅಲ್ಲಿ ವಕೀಲರಿಗೆ ಸರಕಾರವೇ ಫೀಸು ಕೊಡುತ್ತದೆ. ಪ್ರೊ ಬೋನೊದಲ್ಲಿ ಯಾರೂ ಕೊಡುವುದಿಲ್ಲ. ಈ ಗೆರೆ ಎಳೆಯದ ಪ್ರಪೋಸಲನ್ನು ಹೊರದೇಶದ ಆಯ್ಕೆ ಸಮಿತಿ ಮುಂದಕ್ಕೆ ಓದುವುದೇ ಕಷ್ಟ.

ಗೆರೆ ಎಳೆದ ಮೇಲೆ ಕೆಲಸ ರುಚಿಕರವಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಪ್ರೊ ಬೋನೊವನ್ನು ಗಂಟೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಅಮೆರಿಕನ್ ಬಾರ್ ಅಸೋಸಿಯೇಶನ್‌ನ ಮಾದರಿ ನಿಯಮ 6.1 ವರ್ಷಕ್ಕೆ 50 ಗಂಟೆ ಎನ್ನುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗುರಿ ವಕೀಲರೊಬ್ಬರಿಗೆ ವರ್ಷಕ್ಕೆ 35 ಗಂಟೆ. ನ್ಯೂಯಾರ್ಕ್‌ನಲ್ಲಿ 2015ರಿಂದ ವಕೀಲಿಕೆಗೆ ಸೇರುವ ಮೊದಲೇ 50 ಗಂಟೆಯ ಕೆಲಸ ತೋರಿಸಬೇಕು. ನಮ್ಮಲ್ಲಿ ಬಾರ್ ಕೌನ್ಸಿಲ್‌ನ ನಿಯಮ 46 ಹಣವಿಲ್ಲದವನಿಗೂ ವಕೀಲರ ನೆರವು ಸಲ್ಲಬೇಕೆಂಬುದನ್ನು ಮನಸ್ಸಿನಲ್ಲಿಡಲು ಹೇಳುತ್ತದೆ, ಗಂಟೆ ಹೇಳುವುದಿಲ್ಲ. 2017ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಶುರುಮಾಡಿದ ‘ನ್ಯಾಯ ಬಂಧು’ವಿನಲ್ಲಿ ಹೆಸರು ನೋಂದಾಯಿಸಿದ ವಕೀಲರ ಲೆಕ್ಕ ಸಿಗುತ್ತದೆ. ಆದರೆ ‘ಫೀಸು ಆಮೇಲೆ ನೋಡುವ, ಈಗ ಸ್ಟ್ಯಾಂಪಿನದ್ದು, ಟೈಪಿನದ್ದು ಕೊಡಿ’ ಎನ್ನುವ ವಕೀಲರು ಯಾವ ಪಟ್ಟಿಯಲ್ಲಿ ಬರುತ್ತಾರೆ? ಅರ್ಧ ಫೀಸು, ಗುಮಾಸ್ತನಿಗೆ ಮಾತ್ರ ಹಣ, ಕೇಸು ಗೆದ್ದ ಮೇಲೆ ಕೊಟ್ಟರೆ ಸಾಕು ಎಂಬ ಒಪ್ಪಂದ, ಪರಿಚಯದವರೆಂದು ಸುಮ್ಮನೆ ನಡೆಸಿದ ವ್ಯಾಜ್ಯ: ಪಶ್ಚಿಮದ ವ್ಯಾಖ್ಯೆಯೊಳಗೆ ಇವು ಸರಿಯಾಗಿ ಕೂರುವುದಿಲ್ಲ. ಇಷ್ಟನ್ನು ಮೂರು ತಾಲೂಕು ಕೋರ್ಟುಗಳಲ್ಲಿ ಕ್ರಮವಾಗಿ ದಾಖಲಿಸಿದರೂ ಅದೊಂದು ಒಳ್ಳೆಯ ಪ್ರಬಂಧ.

ಜಾಗತಿಕ ಅಡ್ವೊಕಸಿಯ ಭಾಗಕ್ಕೆ ಉದಾಹರಣೆ ಹುಡುಕುತ್ತಾ ಆಫ್ರಿಕಾ, ಲ್ಯಾಟಿನ್ ಅಮೆರಿಕ ಎಂದು ಸುತ್ತುವವರಿದ್ದಾರೆ. ಆ ಉದಾಹರಣೆ, ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ, ನಮ್ಮ ಕಾಸರಗೋಡಿನ ಗೇರು ಗುಡ್ಡೆಗಳಲ್ಲೇ ಇತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆಯಿತು. ಎಣ್ಮಕಜೆಯ ಪಡ್ರೆಯಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ರೋಗಗಳ ಲೆಕ್ಕವಿಟ್ಟರು, ಪತ್ರಕರ್ತ ಶ್ರೀಪಡ್ರೆ ಬರೆದರು. 1990ರ ದಶಕದ ಕೊನೆಯಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. 2011ರ ಏಪ್ರಿಲ್ ಕೊನೆಯ ವಾರ ಜಿನೀವಾದಲ್ಲಿ ಸೇರಿದ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಐದನೇ ಸಮ್ಮೇಳನ ಎಂಡೋಸಲ್ಫಾನನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೇ 13ರಂದು ಸಿಪಿಎಂನ ಯುವ ಸಂಘಟನೆ ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಕೇರಳ ಸರಕಾರಕ್ಕೆ ಆದೇಶವಾಯಿತು.

ಇಷ್ಟು ಎಲ್ಲರಿಗೂ ಗೊತ್ತು. ಪ್ರಬಂಧಕ್ಕೆ ಬೇಕಾದದ್ದು ಇದರ ಒಳಗಿನ ಎರಡು ಗಂಟುಗಳು.

ಒಂದನೆಯದು 2022ರ ಮೇ ತಿಂಗಳ ನ್ಯಾಯಾಂಗ ನಿಂದನೆ ಅರ್ಜಿಯ ಆದೇಶದಲ್ಲಿದೆ. 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ, ಅವರು ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು. ಕೋರ್ಟಿಗೆ ಬರುವ ಶಕ್ತಿಯಿದ್ದವರಿಗೆ ಮಾತ್ರ ಯಾಕೆ ಎಂದು ನ್ಯಾಯಪೀಠ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಅಂದರೆ ಹಕ್ಕು ಎಲ್ಲರಿಗೂ ಘೋಷಣೆಯಾದ ಮೇಲೂ ಕೈಗೆ ದುಡ್ಡು ಬಂದದ್ದು ಕೋರ್ಟಿನಲ್ಲಿ ತಮ್ಮ ಪರ ನಿಲ್ಲುವವರಿದ್ದವರಿಗೆ. ಪ್ರೊ ಬೋನೊ ಅಧ್ಯಯನ ಕೇಳುವ ಪ್ರಶ್ನೆಯೇ ಇದು, ಇಷ್ಟು ನೇರವಾಗಿ ಒಂದು ಆದೇಶದಲ್ಲಿ ಸಿಗುವುದು ಅಪರೂಪ.

ಎರಡನೆಯದು ಸಿದ್ಧಾಂತಕ್ಕೆ ಸಂಬಂಧಿಸಿದ್ದು. ರಾಜಕೀಯ ವಿಜ್ಞಾನಿಗಳಾದ ಕೆಕ್ ಮತ್ತು ಸಿಕ್ಕಿಂಕ್ 1998ರಲ್ಲಿ ಮಂಡಿಸಿದ ಬೂಮರಾಂಗ್ ಮಾದರಿ ಈ ಕ್ಷೇತ್ರದ ಎಲ್ಲರಿಗೂ ಪರಿಚಿತ: ಊರಿನ ಸರಕಾರ ಕಿವಿಗೊಡದಿದ್ದಾಗ ಹೋರಾಟಗಾರರು ಹೊರಗಿನ ಮಿತ್ರರನ್ನು ಹಿಡಿಯುತ್ತಾರೆ, ಒತ್ತಡ ಹೊರಗಿನಿಂದ ತಿರುಗಿ ಬರುತ್ತದೆ. ಕಾಸರಗೋಡಿಗೆ ಇದು ಅರ್ಧ ಮಾತ್ರ ಹೊಂದುತ್ತದೆ. ನಿಷೇಧಕ್ಕೆ ಕೇಂದ್ರ ಸರಕಾರ ಜಿನೀವಾದಲ್ಲಿ ವಿರೋಧವಾಗಿತ್ತು. ಸಮ್ಮೇಳನ ಶುರುವಾದ ಏಪ್ರಿಲ್ 25ರಂದೇ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ನಿಷೇಧ ಬೇಕೆಂದು ತಿರುವನಂತಪುರದಲ್ಲಿ ಉಪವಾಸ ಕೂತರು. ಮುಂದೆ ಪರಿಹಾರ ಕೊಡಲು ತಡಮಾಡಿದ್ದು ಅದೇ ರಾಜ್ಯ. ಹೊರಗೆ ಜೊತೆಗಾರ, ಮನೆಯಲ್ಲಿ ಸಾಲಗಾರ. ಸಿಂಪಡಿಸಿದ್ದೂ ರಾಜ್ಯದ್ದೇ ಕಂಪೆನಿ. ‘ಸರಕಾರ’ವನ್ನು ಒಂದೇ ತುಂಡಾಗಿ ನೋಡುವ ಮಾದರಿಯನ್ನು ಇಲ್ಲಿ ಬಿಚ್ಚಿ ನೋಡಬೇಕಾಗುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆ: ಪಕ್ಷದ ಸಂಘಟನೆಯ ಪರವಾಗಿ ಫೀಸಿಲ್ಲದೆ ವಾದಿಸಿದ ವಕೀಲರ ಕೆಲಸ ಪ್ರೊ ಬೋನೊವೇ, ರಾಜಕಾರಣವೇ? ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಗಳ ದಾನಬುದ್ಧಿಯನ್ನಷ್ಟೇ ಅಳೆದು ಗೊತ್ತಿರುವ ಸಂಶೋಧನೆಗೆ ಇದರ ಉತ್ತರ ಸಿದ್ಧವಿಲ್ಲ.

ಪ್ರಪೋಸಲ್ ಸಾಮಾನ್ಯವಾಗಿ 1,000ದಿಂದ 2,000 ಪದ. ‘ಭಾರತದಲ್ಲಿ ಪ್ರೊ ಬೋನೊ: ಸವಾಲುಗಳು ಮತ್ತು ಪರಿಹಾರಗಳು’ ಎಂಬ ಥರದ ತಲೆಬರಹ ನೋಡಿದರೇ ಅದರಲ್ಲಿ ಪ್ರಶ್ನೆಯಿಲ್ಲ ಎಂದು ತಿಳಿಯುತ್ತದೆ. ‘2011ರಿಂದ 2022ರವರೆಗೆ ಎಂಡೋಸಲ್ಫಾನ್ ವ್ಯಾಜ್ಯಗಳಲ್ಲಿ ಫೀಸಿಲ್ಲದ ಕೆಲಸವನ್ನು ಯಾರು ಮಾಡಿದರು, ಯಾವ ಹಂತದಲ್ಲಿ ಅದು ನಿಂತಿತು, ನಿಂತದ್ದರಿಂದ ಪರಿಹಾರ ಯಾರಿಗೆ ತಪ್ಪಿತು?’ ಇದು ಉತ್ತರಿಸಬಹುದಾದ ಪ್ರಶ್ನೆ. ಅರ್ಧ ಪುಟ ದಾಖಲೆಗಳಿಗೇ ಮೀಸಲಿಡಿ: ಯಾವ ಕೋರ್ಟಿನ ಯಾವ ಕಡತ, ಎಷ್ಟು ಸಂದರ್ಶನ, ಯಾವ ಭಾಷೆಯಲ್ಲಿ. ಸ್ಟಾಕ್‌ಹೋಮ್ ಒಪ್ಪಂದದ ಸಭೆಗಳ ದಾಖಲೆಗಳು ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನ್ಯಾಯ ದೊರಕಿಸಿಕೊಡುತ್ತೇನೆ ಎಂಬ ಧಾಟಿ ಮಾತ್ರ ಬೇಡ, ಹೋರಾಟದ ಕರಪತ್ರದಂತೆ ಓದಿಸಿಕೊಳ್ಳುವ ಪ್ರಪೋಸಲ್ ಆಯ್ಕೆ ಸಮಿತಿಯ ಮುಂದೆ ನಿಲ್ಲುವುದಿಲ್ಲ.

ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಎಂಬುದನ್ನು ನಮ್ಮವರು ಸಿವಿಯ ಕೊನೆಯ ಸಾಲಿನಲ್ಲಿ ಹಾಕುತ್ತಾರೆ. ಅದನ್ನು ಸಂಶೋಧನಾ ವಿಧಾನದ ಭಾಗಕ್ಕೆ ತನ್ನಿ. ಪೆರ್ಲದ ಮನೆಯಲ್ಲಿ ತುಳುವಿನಲ್ಲಿ ಹೇಳಿದ ತೊಂದರೆ ಮಲಯಾಳದ ಅರ್ಜಿಯಾಗಿ, ಇಂಗ್ಲಿಷಿನ ಅಫಿಡವಿಟ್ ಆಗಿ, ಜಿನೀವಾದ ಟಿಪ್ಪಣಿಯಾಗುವಾಗ ಪ್ರತಿ ಹಂತದಲ್ಲೂ ಏನೋ ಉದುರುತ್ತದೆ. ಅದನ್ನು ಹಿಡಿಯಲು ಅನುವಾದಕರನ್ನು ಇಟ್ಟುಕೊಳ್ಳುವ ಸಂಶೋಧಕರಿಗೆ ಆಗದು.

ಇನ್ನು ಎಲ್ಲಿ, ಎಷ್ಟು ಹಣ. ಬ್ರಿಟನ್ನಿನಲ್ಲಿ ಫಂಡಿಂಗ್ ಸ್ಪರ್ಧೆಗಳು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ ಮುಗಿಯುತ್ತವೆ, ಕೋರ್ಸ್ ಮುಂದಿನ ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ ಶುರು. ಸರಕಾರಿ ಸಂಶೋಧನಾ ಮಂಡಳಿಯ ಕನಿಷ್ಠ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್, ತೆರಿಗೆಯಿಲ್ಲ. ಆದರೆ ಮಂಡಳಿ ಕೊಡುವ ಫೀಸು ಸ್ಥಳೀಯ ವಿದ್ಯಾರ್ಥಿಗಳ ಮಟ್ಟದ್ದು, ಆ ವರ್ಷ 5,006 ಪೌಂಡ್. ಅಂತಾರಾಷ್ಟ್ರೀಯ ಫೀಸು ಅದರ ಎಷ್ಟೋ ಪಟ್ಟು. ವ್ಯತ್ಯಾಸವನ್ನು ವಿಶ್ವವಿದ್ಯಾಲಯ ಮನ್ನಾ ಮಾಡುತ್ತದೆಯೇ ಎಂದು ಅರ್ಜಿಗೆ ಮುಂಚೆ ಇಮೇಲಿನಲ್ಲಿ ಬರೆಸಿಕೊಳ್ಳಿ. ‘ಫುಲ್ಲಿ ಫಂಡೆಡ್’ ಎಂಬ ಜಾಹೀರಾತನ್ನು ನಂಬಿ ಆಫರ್ ಬಂದ ಮೇಲೆ ಕೈಚೆಲ್ಲಿ ಕೂತವರು ಈ ಸಾಲನ್ನು ಓದಿರುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್‌ಡಿ ಎಂದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಸಂಬಳದ ಕೆಲಸ, ಹುದ್ದೆಯಂತೆ ಜಾಹೀರಾತು ಬರುತ್ತದೆ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳು ಯಾವ ದೇಶದವರಿಗೂ ತೆರೆದಿವೆ, ಹುದ್ದೆಗಳು ಯೂರಾಕ್ಸೆಸ್ ತಾಣದಲ್ಲಿ ವರ್ಷವಿಡೀ ಬರುತ್ತಿರುತ್ತವೆ. ಷರತ್ತು: ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಊರಿನಿಂದ ನೇರ ಹೋಗುವವರಿಗೆ ಚಿಂತೆಯಿಲ್ಲ. ಅದೇ ದೇಶದಲ್ಲಿ ಎಲ್‌ಎಲ್‌ಎಂ ಮಾಡಿ ಕೆಲಸ ಹುಡುಕುತ್ತಾ ಉಳಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಕೇಂದ್ರ ಸರಕಾರ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಡುವ ಆರ್‌ಟಿಪಿ ಸ್ಕಾಲರ್‌ಶಿಪ್ ನೋಡಿ. 1975ರಿಂದ ಸ್ಪ್ರಿಂಗ್‌ವೇಲ್‌ನಲ್ಲಿ ಕಾನೂನು ಕ್ಲಿನಿಕ್ (ವಿದ್ಯಾರ್ಥಿಗಳು ಜನರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುತ್ತಾ ಕಲಿಯುವ ಕೇಂದ್ರ) ನಡೆಸಿದ ಮೊನಾಶ್, 1981ರಲ್ಲಿ ಕಿಂಗ್ಸ್‌ಫರ್ಡ್ ಕೇಂದ್ರ ತೆರೆದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹಳೆಯ ಮನೆಗಳು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ಕ್ಲಿನಿಕ್‌ಗೆ ನಾರ್ತಂಬ್ರಿಯಾ, ಮಾನವ ಹಕ್ಕುಗಳಿಗೆ ಎಸೆಕ್ಸ್. ಅಮೆರಿಕದಲ್ಲಿ ಕಾನೂನಿನ ಡಾಕ್ಟರೇಟ್ ಆದ ಎಸ್‌ಜೆಡಿಗೆ ಅನೇಕ ಕಡೆ ಅದೇ ವಿಶ್ವವಿದ್ಯಾಲಯದ ಎಲ್‌ಎಲ್‌ಎಂ ಮೊದಲು ಬೇಕು, ಆ ಒಂದು ವರ್ಷದ ಖರ್ಚು ಯೋಚಿಸಿದರೆ ಅದನ್ನು ಬಿಡುವುದೇ ಮೇಲು. ಕ್ಷೇತ್ರಕಾರ್ಯ ಮಾಡುವವರಿಗೆ ಬರ್ಕ್ಲಿಯ ನ್ಯಾಯಶಾಸ್ತ್ರ ಮತ್ತು ಸಮಾಜ ನೀತಿಯ ಪಿಎಚ್‌ಡಿ ಒಳ್ಳೆಯ ದಾರಿ.

ನಮ್ಮ ದೇಶದ ಹಣ ನಂಬಿಕೊಳ್ಳುವವರು ಒಂದು ವಿಷಯ ಗಮನಿಸಿ. ಪರಿಶಿಷ್ಟ ಜಾತಿ ಮತ್ತಿತರ ವರ್ಗಗಳಿಗಿರುವ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಅಧ್ಯಯನದ ವಿಷಯಗಳನ್ನು ಹೊರಗಿಟ್ಟಿತು. ಕಾಸರಗೋಡಿನ ಕೇಸನ್ನೇ ನೆಚ್ಚಿದ ಪ್ರಪೋಸಲ್ ಅಲ್ಲಿ ಬಿದ್ದುಹೋಗಬಹುದು. ಅಂತಾರಾಷ್ಟ್ರೀಯ ರಾಸಾಯನಿಕ ಒಪ್ಪಂದಗಳ ಕಾನೂನನ್ನು ಮುಖ್ಯ ಮಾಡಿ, ಊರಿನ ಕೇಸನ್ನು ಒಂದು ಅಧ್ಯಾಯವಾಗಿಸಿ ಬರೆಯುವ ದಾರಿ ಇದೆ. ಆಯಾ ವರ್ಷದ ಮಾರ್ಗಸೂಚಿ ಓದದೆ ಹೆಜ್ಜೆ ಇಡಬೇಡಿ.

ವಕೀಲರಾಗಿ ನೋಂದಾಯಿಸಿದವರಿಗೆ ಬಾರ್ ಕೌನ್ಸಿಲ್‌ನ ನಿಯಮ 49 ಇದೆ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ಕೌನ್ಸಿಲ್‌ಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ನೆದರ್‌ಲ್ಯಾಂಡ್ಸ್‌ನಂಥ ಹುದ್ದೆ ಒಪ್ಪಿಕೊಂಡರೆ ಹೊರಡುವ ಮುಂಚೆಯೇ ಪತ್ರ ಕೊಟ್ಟು ರಶೀದಿ ಇಟ್ಟುಕೊಳ್ಳಿ.

ಗೈಡ್‌ಗೆ ಬರೆಯುವ ಇಮೇಲ್ ಸೆಪ್ಟೆಂಬರಿನಲ್ಲೇ ಹೋಗಲಿ, 200 ಪದ ದಾಟದಿರಲಿ. ‘ರೆಸ್ಪೆಕ್ಟೆಡ್ ಸರ್’ ಎಂದು ಹತ್ತು ಜನರಿಗೆ ಒಂದೇ ಪತ್ರ ಹೋದರೆ ಅದು ಗೊತ್ತಾಗುತ್ತದೆ. ಅವರ ಯಾವ ಲೇಖನದ ಯಾವ ಮಾತು ನಿಮ್ಮ ಪ್ರಶ್ನೆಗೆ ತಾಗುತ್ತದೆ ಎಂಬ ಒಂದು ವಾಕ್ಯ, ನಿಮ್ಮ ಪ್ರಶ್ನೆ, ಎರಡು ಪುಟದ ಲಗತ್ತು, ಇಷ್ಟು ಸಾಕು. ಮೂರು ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಮುಂದಿನವರಿಗೆ ಬರೆಯಿರಿ.

ಸೇರಿದ ಮೇಲೆ ತಿಂಗಳುಗಟ್ಟಲೆ ತಿನ್ನುವುದು, ಸಂದರ್ಶನ ಕೊಡುವವರಿಗೆ ಹಾನಿಯಾಗದಂತೆ ನೋಡುವ ವಿಶ್ವವಿದ್ಯಾಲಯದ ಎಥಿಕ್ಸ್ ಸಮಿತಿಯ ಒಪ್ಪಿಗೆ. ಸಂತ್ರಸ್ತರಲ್ಲಿ ಮಕ್ಕಳು, ಬೌದ್ಧಿಕ ಅಂಗವೈಕಲ್ಯ ಉಳ್ಳವರು ಇರುವುದರಿಂದ ಸಮಿತಿ ಹೆಚ್ಚು ಪ್ರಶ್ನೆ ಕೇಳುತ್ತದೆ. ಮಾಹಿತಿ ಪತ್ರ ಕನ್ನಡ, ಮಲಯಾಳ ಎರಡರಲ್ಲೂ ಬೇಕು. ತುಳುವಿಗೆ ಓದಿ ಹೇಳಿ, ಒಪ್ಪಿಗೆಯನ್ನು ಧ್ವನಿಮುದ್ರಣದಲ್ಲಿ ಪಡೆಯುತ್ತೇನೆಂದು ಮೊದಲೇ ಬರೆಯಿರಿ. ವಕೀಲರ ಸಂದರ್ಶನದಲ್ಲಿ ಇನ್ನೊಂದು ಅಡ್ಡಿ: 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಪ್ರಕಾರ ಕಕ್ಷಿದಾರ ಹೇಳಿದ ಮಾತನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲ ಹೊರಗೆಡಹುವಂತಿಲ್ಲ. ಆದ್ದರಿಂದ ಕಡತ ತೆರೆದು ಮಾತಾಡಬೇಕಾದರೆ ವಕೀಲರ ಒಪ್ಪಿಗೆ ಒಂದು, ಕಕ್ಷಿದಾರರದ್ದು ಇನ್ನೊಂದು. ಇದನ್ನು ಬಿಟ್ಟು ಬಂದವರ ಅರ್ಧ ಸಂದರ್ಶನಗಳು ಬಳಸಲಾಗದೆ ಉಳಿಯುತ್ತವೆ.

ಕೋರ್ಟಿನ ಕಡತಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ (ಕೇಸಿನ ಗುರುತು ಸಂಖ್ಯೆ) ಇದ್ದರೆ ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಹುಡುಕಬಹುದು. ಹಳೆಯ ಮುನ್ಸಿಫ್ ಕೋರ್ಟ್ ದಾಖಲೆ ಅಲ್ಲಿ ಸಿಗುತ್ತದೆಂದು ನಂಬಬೇಡಿ, ದೃಢೀಕೃತ ಪ್ರತಿಗೆ ಕೋರ್ಟಿನಲ್ಲೇ ಅರ್ಜಿ ಕೊಡಿ. ಕಾನೂನು ಸೇವಾ ಪ್ರಾಧಿಕಾರದ ಅಂಕಿಅಂಶಕ್ಕೆ ಮಾಹಿತಿ ಹಕ್ಕು ಅರ್ಜಿ, ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಕಾಯ್ದೆ ಹೇಳುವ ಭಾಷೆಗಳು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಕನ್ನಡದಲ್ಲಿ ಪತ್ರವ್ಯವಹಾರದ ಹಕ್ಕು ಕೊಟ್ಟಿದ್ದರೂ, ಪಿಎಚ್‌ಡಿಯ ಗಡಿಯಾರ ಓಡುತ್ತಿರುವಾಗ ಆ ವಾದಕ್ಕೆ ಇಳಿಯುವುದು ಬೇಡ. ಇಂಗ್ಲಿಷಿನಲ್ಲಿ ಕೊಡಿ, ಕನ್ನಡದ ಪ್ರತಿ ಲಗತ್ತಿಸಿ.

ಊರಿನ ಸಂಘಟನೆಯೊಂದಕ್ಕೆ ಸಹಾಯದ ಹಣವೆಂದು ವಿಶ್ವವಿದ್ಯಾಲಯದಿಂದ ನೇರ ಕಳಿಸಬೇಡಿ. ಸಂಘಟನೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದಿದ್ದರೆ ತೊಂದರೆಯಾಗುವುದು ಅವರಿಗೆ. ವಿದ್ಯಾರ್ಥಿಯ ಸ್ಟೈಪೆಂಡಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಸಂಘಟನೆಗೆ ಕೊಡುವ ಹಣಕ್ಕೆ ಅದು ತಾಗುವುದಿಲ್ಲ.

ಬ್ರಿಟನ್ನಿಗೆ ಹೊರಡುವವರು ಕೈಯಲ್ಲಿ ಇಡಬೇಕಾದ ಮೊದಲ ದೊಡ್ಡ ಮೊತ್ತ ಆರೋಗ್ಯ ಸರ್‌ಚಾರ್ಜ್: ವರ್ಷಕ್ಕೆ 776 ಪೌಂಡ್, ಇಡೀ ವೀಸಾ ಅವಧಿಯದ್ದು ಒಟ್ಟಿಗೆ. ನಾಲ್ಕು ವರ್ಷದ ಕೋರ್ಸಿಗೆ, ಅದು ಮುಗಿದ ಮೇಲೆ ವೀಸಾದಲ್ಲಿ ಸಿಗುವ ನಾಲ್ಕು ತಿಂಗಳೂ ಸೇರಿ, 3,492 ಪೌಂಡ್. ಸ್ಕಾಲರ್‌ಶಿಪ್ ಇದನ್ನು ಹೆಚ್ಚಾಗಿ ಕೊಡುವುದಿಲ್ಲ, ಮೊದಲ ಸ್ಟೈಪೆಂಡ್ ಬರುವುದು ಸೇರಿದ ಮೇಲೆ. ಕ್ಷಯ ತಪಾಸಣೆಯ ಪ್ರಮಾಣಪತ್ರ ಬೇಕು. 2024ರ ಜನವರಿಯಿಂದ ಕುಟುಂಬವನ್ನು ಕರೆದೊಯ್ಯುವ ಅವಕಾಶ ಹೆಚ್ಚುಕಡಿಮೆ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾತ್ರ ಉಳಿದಿದೆ, ಆದರೆ ಅವರ ಸರ್‌ಚಾರ್ಜ್ ಬೇರೆ. ಕ್ಷೇತ್ರಕಾರ್ಯಕ್ಕೆ ಊರಿಗೆ ಬರುವ ತಿಂಗಳುಗಳನ್ನು ಮೊದಲೇ ಬರೆದು ವಿಭಾಗದಿಂದ ಅನುಮತಿ ಪಡೆಯಿರಿ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಕೇರಳದ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ, ಓಣಂಗೆ ಮತ್ತೆ ರಜೆ. ಜೂನ್, ಜುಲೈಯಲ್ಲಿ ಕೋರ್ಟು ನಡೆಯುತ್ತದೆ, ಎಣ್ಮಕಜೆಯ ಒಳದಾರಿಗಳಲ್ಲಿ ಹೋಗುವುದು ಮಾತ್ರ ಕಷ್ಟ. ಕಡತದ ಕೆಲಸ ಮಳೆಗಾಲಕ್ಕೆ, ಮನೆಮನೆಯ ಸಂದರ್ಶನ ನವೆಂಬರ್ ನಂತರಕ್ಕೆ ಇಟ್ಟುಕೊಳ್ಳಿ.