ಶೀಟ್‌ನಲ್ಲಿ ಇಸಿಎನ್‌ಆರ್, ಪಾಸ್‌ಪೋರ್ಟ್‌ನಲ್ಲಿ ಇಸಿಆರ್

“ಸರ್, ಇಮಿಗ್ರೇಷನ್‌ನವರು ಕ್ಲಿಯರೆನ್ಸ್ ಎಲ್ಲಿ ಎಂದು ಕೇಳುತ್ತಿದ್ದಾರೆ. ನೀವು ಕೊಟ್ಟ ಫೈಲಿನಲ್ಲಿ ಅಂಥದ್ದೇನೂ ಇಲ್ಲವಲ್ಲ?”

ಬಜಪೆ ವಿಮಾನ ನಿಲ್ದಾಣದ ಹೊರಗೆ ನಿಂತು ಈ ಮಾತನ್ನು ಫೋನಿನಲ್ಲಿ ಕೇಳಿದಾಗ ನಾನು ಮೊದಲು ಹೇಳಿದ್ದು, “ನೀನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೀಯಲ್ಲ, ನಿನಗೆ ಅದು ಬೇಡ ಎಂದು ಅವರಿಗೆ ಹೇಳು.” ಅಷ್ಟು ಧೈರ್ಯವಾಗಿ ಹೇಳಿದ್ದೆ. ಅವನು ಹಾಗೆಯೇ ಹೇಳಿದ. ಎರಡು ನಿಮಿಷ ಬಿಟ್ಟು ಮತ್ತೆ ಫೋನ್ ಬಂತು. “ಸರ್, ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದು ಇದೆಯಂತೆ.” ಇಸಿಆರ್ ಎಂದಿದ್ದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೊರಡುವ ಮುನ್ನ ನಮ್ಮ ಸರ್ಕಾರದ ವಲಸೆ ಅನುಮತಿ, ಅಂದರೆ ಕ್ಲಿಯರೆನ್ಸ್, ಬೇಕು. ಇಸಿಎನ್‌ಆರ್ ಆದರೆ ಸಾಮಾನ್ಯವಾಗಿ ಬೇಡ.

ಮಂಗಳೂರಿನ ರಿಕ್ರೂಟಿಂಗ್ ಏಜೆನ್ಸಿಯೊಂದರಲ್ಲಿ ಡಾಕ್ಯುಮೆಂಟೇಷನ್ ನೋಡಿಕೊಳ್ಳುವುದು ನನ್ನ ಕೆಲಸ. ಅಂದು ಸೌದಿಯ ದಮ್ಮಾಮ್‌ನ ಕಂಪನಿಗೆ ಆರು ಜನರ ಬ್ಯಾಚ್ ಹೊರಟಿತ್ತು, ನಾಲ್ವರು ಎಸಿ ಮೆಕ್ಯಾನಿಕ್‌ಗಳು, ಇಬ್ಬರು ಎಸಿಯ ಗಾಳಿ ಕೊಳವೆ ಕೂರಿಸುವ ಡಕ್ಟ್‌ಮ್ಯಾನ್‌ಗಳು. ವೀಸಾ ಕೆಲಸಕ್ಕೆ ಕಂಪನಿ ನಮಗೆ ಕೊಡುವ ಅಧಿಕಾರಪತ್ರ, ವಕಾಲಾ, ಬಂದಾಗಿನಿಂದ ಆ ಫೈಲುಗಳ ಹಿಂದೆ ಓಡಿದವನು ನಾನೇ. ಮೆಡಿಕಲ್ ಫಿಟ್ ಆಗಿತ್ತು, ಸೌದಿಯವರ ಕೌಶಲ ಪರೀಕ್ಷೆ ತಕಾಮುಲ್ ಮುಗಿದಿತ್ತು, ವೀಸಾ ಸ್ಟ್ಯಾಂಪಿಂಗ್ ಆಗಿ ಬಂದಿತ್ತು. ಬೆಳ್ತಂಗಡಿ ಕಡೆಯ ಈ ಹುಡುಗ ಬ್ಯಾಚಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಐಟಿಐ ಮುಗಿಸಿ ಎರಡು ವರ್ಷ ಊರಿನ ಅಂಗಡಿಯಲ್ಲಿ ಫ್ರಿಜ್ ರಿಪೇರಿ ಮಾಡಿದ್ದ. ಕೇಳಿದ ಕಾಗದವನ್ನು ಮರುದಿನವೇ ತಂದುಕೊಡುತ್ತಿದ್ದ.

ನನ್ನ ತಪ್ಪು ಎಲ್ಲಿತ್ತು ಎಂಬುದು ಆ ಎರಡನೆಯ ಫೋನಿನ ಹೊತ್ತಿಗೇ ನನಗೆ ತಿಳಿದುಹೋಯಿತು. ನಮ್ಮ ಕಚೇರಿಯಲ್ಲಿ ಪ್ರತಿದಿನ ಬೆಳಿಗ್ಗೆ ಹತ್ತರೊಳಗೆ ಸ್ಟೇಟಸ್ ಶೀಟ್ ಮ್ಯಾನೇಜರ್ ಕೈಸೇರಬೇಕು. ಆ ಎಕ್ಸೆಲ್ ಶೀಟ್‌ನಲ್ಲಿ ಇಸಿಆರ್ ಅಥವಾ ಇಸಿಎನ್‌ಆರ್ ಎಂದು ತುಂಬುವ ಕಾಲಂ ಒಂದಿದೆ. ಒಂದೊಂದೇ ಪಾಸ್‌ಪೋರ್ಟ್ ತೆರೆದು ತುಂಬುವುದು ತಡವಾಗುತ್ತದೆ ಎಂದು ನಾನೇ ಒಂದು ಸೂತ್ರ ಬರೆದಿದ್ದೆ: ವಿದ್ಯಾರ್ಹತೆಯ ಕಾಲಂನಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಅದಕ್ಕಿಂತ ಮೇಲಿನದಿದ್ದರೆ ಇಸಿಎನ್‌ಆರ್ ಎಂದು ತಾನೇ ತುಂಬಿಕೊಳ್ಳಬೇಕು. ಹತ್ತನೆಯ ತರಗತಿ ಪಾಸಾದವರು ಇಸಿಎನ್‌ಆರ್‌ಗೆ ಅರ್ಹರು ಎಂಬುದು ನಿಯಮವೇ. ಆದರೆ ಅರ್ಹತೆ ಇದ್ದ ಮಾತ್ರಕ್ಕೆ ಕೈಯಲ್ಲಿರುವ ಪಾಸ್‌ಪೋರ್ಟ್ ಬದಲಾಗುವುದಿಲ್ಲ. ಹುಡುಗ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಅವನ ಮೂಲ ಅಂಕಪಟ್ಟಿ ಐಟಿಐ ಕಚೇರಿಯಲ್ಲಿತ್ತು. ಪೇಟೆಯ ಸೈಬರ್ ಅಂಗಡಿಯವರು “ಅಂಕಪಟ್ಟಿ ಇಲ್ಲದಿದ್ದರೆ ಇಲ್ಲ ಎಂದೇ ಹಾಕೋಣ” ಎಂದು ಅರ್ಜಿ ತುಂಬಿಸಿದ್ದರು. ಇದು ಅವನಿಗೆ ನೆನಪೂ ಇರಲಿಲ್ಲ. ನಾನು ಕೇಳಿರಲೂ ಇಲ್ಲ.

ಆ ಪಾಸ್‌ಪೋರ್ಟ್ ಮೂರು ವಾರ ನನ್ನ ಕಪಾಟಿನಲ್ಲೇ ಇತ್ತು. ಸೌದಿ ವೀಸಾ ಸ್ಟಿಕರ್ ರೂಪದಲ್ಲಿ ಬರುತ್ತಿದ್ದ ಕಾಲದಲ್ಲಿ ಅದು ಯಾವ ಪುಟದಲ್ಲಿದೆ ಎಂದು ಹುಡುಕಲಿಕ್ಕಾದರೂ ಪಾಸ್‌ಪೋರ್ಟ್ ತಿರುವಿಹಾಕುತ್ತಿದ್ದೆವು. 2023ರ ಮೇ ತಿಂಗಳಿಂದ ಸ್ಟಿಕರ್ ಹೋಗಿ ಕ್ಯುಆರ್ ಸಂಕೇತವಿರುವ ಹಾಳೆ ಬಂದಿದೆ. ಸ್ಟ್ಯಾಂಪಿಂಗ್ ಎಂಬ ಹೆಸರು ಮಾತ್ರ ಉಳಿದಿದೆ. ಹಾಳೆಯಲ್ಲಿನ ಹೆಸರನ್ನೂ ಸಂಖ್ಯೆಯನ್ನೂ ಫೋಟೋ ಇರುವ ಪುಟದ ಜೊತೆ ತಾಳೆ ನೋಡಿ, ಪಾಸ್‌ಪೋರ್ಟ್ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ.

ವಿಮಾನ ಹೊರಡಲು ಆಗ ಐವತ್ತು ನಿಮಿಷ ಉಳಿದಿತ್ತು. ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕ್ಲಿಯರೆನ್ಸ್‌ಗೆ ಅರ್ಜಿ ಹಾಕುವ ಸರ್ಕಾರಿ ಪೋರ್ಟಲ್ ಇ-ಮೈಗ್ರೇಟ್ ತೆರೆದೆ. ಏಕೆ ತೆರೆದೆ ಎಂದು ಈಗಲೂ ತಿಳಿಯುವುದಿಲ್ಲ. ಅರ್ಜಿ ಹಾಕಿದರೂ ಅದನ್ನು ನೋಡಿ ಒಪ್ಪಿಗೆ ಕೊಡಬೇಕಾದವರು ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ (ಪಿಒಇ) ಕಚೇರಿಯವರು. ರಾತ್ರಿ ಎಂಟೂವರೆಗೆ ಅಲ್ಲಿ ಯಾರಿರುತ್ತಾರೆ? ವಿಮೆ ಮಾಡಿಸಿರಲಿಲ್ಲ, ಹುಡುಗ ಹೊರಡುವ ಮುನ್ನ ಕೊಡುವ ಪಿಡಿಒಟಿ ತರಬೇತಿಗೆ ಕುಳಿತಿರಲಿಲ್ಲ. ಆದರೂ ಲಾಗಿನ್ ಪುಟ ತೆರೆದುಕೊಳ್ಳುವುದನ್ನೇ ನೋಡುತ್ತ ನಿಂತೆ. ಕೈ ನಡುಗುತ್ತಿತ್ತು, ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ನಡುವೆ ಹುಡುಗನಿಂದ ಮತ್ತೆ ಫೋನ್. “ಸರ್, ಏನಾದರೂ ಆಗುತ್ತದೆಯೇ? ಆಗುವುದಿಲ್ಲವಾದರೆ ಹೇಳಿಬಿಡಿ, ಬ್ಯಾಗ್ ಇಳಿಸುತ್ತಾರಂತೆ.” ಆಗುವುದಿಲ್ಲ ಎಂದು ಹೇಳಲು ನಾನು ತೆಗೆದುಕೊಂಡ ಸಮಯ ಬಹಳ ದೊಡ್ಡದು. ಆ ಹೊತ್ತಿನಲ್ಲಿ ಅವನು ಆಸೆ ಇಟ್ಟುಕೊಂಡು ನಿಂತಿದ್ದ. ಮೊದಲ ಫೋನಿಗೇ ನಿಜ ಹೇಳಿದ್ದರೆ ಅಧಿಕಾರಿಯ ಮುಂದೆ ಅಷ್ಟು ಹೊತ್ತು ನಿಂತು ಬೇಡಿಕೊಳ್ಳುವ ಪಾಡು ಅವನಿಗೆ ಬರುತ್ತಿರಲಿಲ್ಲ.

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, “ಉಳಿದ ಐವರು ಒಳಗೆ ಹೋದರೇ?” ಎರಡನೆಯ ಮಾತು, “ನಾಳೆ ಬೇರೆ ಏರ್‌ಪೋರ್ಟ್‌ನಿಂದ ದುಬೈಗೆ ವಿಸಿಟ್ ವೀಸಾದಲ್ಲಿ ಕಳುಹಿಸಿಬಿಡಿ. ಅಲ್ಲಿಂದ ದಮ್ಮಾಮ್‌ಗೆ ಹೋಗಲಿ. ವಿಸಿಟ್‌ಗೆ ಕ್ಲಿಯರೆನ್ಸ್ ಯಾರೂ ಕೇಳುವುದಿಲ್ಲ.”

ಒಂದು ನಿಮಿಷ ನಾನು ಅದಕ್ಕೆ ಮನಸ್ಸು ಕೊಟ್ಟೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ನನ್ನ ತಪ್ಪು ಒಂದೇ ರಾತ್ರಿಯಲ್ಲಿ ಮುಚ್ಚಿಹೋಗುತ್ತಿತ್ತು. ಇಸಿಆರ್ ಪಾಸ್‌ಪೋರ್ಟ್ ಇರುವವನು ಬರಿಯ ಪ್ರವಾಸಕ್ಕೆ ಹೋಗುವುದಾದರೆ ಕ್ಲಿಯರೆನ್ಸ್ ಬೇಡ ಎಂಬುದೂ ನಿಜ. ಆದರೆ ಕೆಲಸಕ್ಕೆ ಹೊರಟವನನ್ನು ಪ್ರವಾಸಿ ಎಂದು ಸುಳ್ಳು ಹೇಳಿ ದಾಟಿಸಿದರೆ, ನಾಳೆ ಅಲ್ಲಿ ಸಂಬಳ ನಿಂತಾಗ ಅವನ ಕೈಯಲ್ಲಿ ಏನಿರುತ್ತದೆ? ಕ್ಲಿಯರೆನ್ಸ್ ಆಗಿ ಹೋದವನ ಕರಾರು, ಸಂಬಳದ ಮೊತ್ತ, ಕಳುಹಿಸಿದ ಏಜೆನ್ಸಿಯ ಹೆಸರು ಎಲ್ಲವೂ ಇ-ಮೈಗ್ರೇಟ್‌ನಲ್ಲಿ ದಾಖಲಾಗಿರುತ್ತವೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ. ಎರಡು ವರ್ಷಕ್ಕೆ ಅದರ ಕಂತು 275 ರೂಪಾಯಿ. 1983ರ ವಲಸೆ ಕಾಯ್ದೆಯಡಿ ಸೌದಿ ಸೇರಿ 18 ದೇಶಗಳಿಗೆ ಹೋಗುವ ಇಸಿಆರ್ ಕೆಲಸಗಾರರನ್ನು ತಡೆದು ಕೇಳುವುದು ಈ ಕಾರಣಕ್ಕೆ. ಇಷ್ಟು ವರ್ಷ ಪಿಒಇ ಎಂದರೆ ಟಿಕೆಟ್ ತಡಮಾಡುವ ಕಚೇರಿ ಎಂದೇ ನಾನೂ ಗೊಣಗುತ್ತಿದ್ದೆ. ಸೌದಿಯವರು ಕೊಟ್ಟ ವೀಸಾ ಸೌದಿಗೆ ಪ್ರವೇಶ ಕೊಡುತ್ತದೆ. ಇಲ್ಲಿಂದ ಹೊರಡಲು ಇಲ್ಲಿನ ಅನುಮತಿ ಬೇರೆಯೇ ಬೇಕು. ಹೊಸಬರಿಗೆ ಇದನ್ನು ಪಾಠದಂತೆ ಹೇಳಿಕೊಡುತ್ತಿದ್ದವನು ನಾನು.

ಆಗುವುದಿಲ್ಲ, ಕ್ಲಿಯರೆನ್ಸ್ ಮಾಡಿಸಿಯೇ ಕಳುಹಿಸುತ್ತೇನೆ ಎಂದೆ. ಮ್ಯಾನೇಜರ್ ಫೋನ್ ಇಟ್ಟರು.

ಹುಡುಗ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದ. ಅವನ ತಾಯಿ, ತಂಗಿ, ಮಾವ ವಿಮಾನ ಹಾರುವವರೆಗೆ ಇರೋಣ ಎಂದು ಬಾಡಿಗೆ ಜೀಪಿನ ಬಳಿ ಕಾದಿದ್ದರು. ತಾಯಿ ಓಡಿಬಂದು ಮೊದಲು ಅವನ ಹಣೆ ಮುಟ್ಟಿ ನೋಡಿದರು, ಜ್ವರ ಬಂದು ವಾಪಸ್ ಕಳುಹಿಸಿದರೇನೋ ಎಂದು. ತಪ್ಪು ನನ್ನದು, ಅವನದಲ್ಲ ಎಂದು ಅವರೆಲ್ಲರ ಮುಂದೆ ಹೇಳಿದೆ. ಮಾವ ಸಿಟ್ಟಾದರು. ಆಗಬೇಕಾದದ್ದೇ. ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಹೊರಡಿಸಿದ್ದರು.

ಪಾಸ್‌ಪೋರ್ಟನ್ನು ಇಸಿಎನ್‌ಆರ್ ಆಗಿ ಮರುವಿತರಣೆ ಮಾಡಿಸುವ ದಾರಿಯೂ ಇತ್ತು, ಆದರೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ವೀಸಾದ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹಾಗಾಗಿ ಇಸಿಆರ್‌ನಲ್ಲೇ ಮುಂದುವರಿದೆ. ದಮ್ಮಾಮ್‌ನ ಕಂಪನಿ ಮೊದಲೇ ಇ-ಮೈಗ್ರೇಟ್‌ನಲ್ಲಿ ನೋಂದಾಯಿತವಾಗಿದ್ದದ್ದು ನಮ್ಮ ಪುಣ್ಯ. ಒಂದು ದಿನದ ತರಬೇತಿ, ವಿಮೆ, ಕರಾರಿನ ಪ್ರತಿ, ನಡುವೆ ಪೋರ್ಟಲ್ ಒಂದಿಡೀ ಮಧ್ಯಾಹ್ನ ಫೈಲ್ ಅಪ್‌ಲೋಡ್ ಮಾಡಿಕೊಳ್ಳದೆ ಸತಾಯಿಸಿದ್ದು, ಎಲ್ಲ ಸೇರಿ ಹನ್ನೊಂದು ದಿನ ಹಿಡಿಯಿತು. ಹೋದ ಟಿಕೆಟ್‌ನ ಹಣವನ್ನು ಅಭ್ಯರ್ಥಿಯಿಂದ ವಸೂಲಿ ಮಾಡಿ ಎಂಬ ಸೂಚನೆ ಬಂತು. ನಾವು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕವೇ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದನ್ನು ಆಗಲೇ ಪಡೆದಾಗಿದೆ, ಅದರ ಮೇಲೆ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ ಎಂದು ಲಿಖಿತವಾಗಿ ಉತ್ತರಿಸಿದೆ. ಕೊನೆಗೆ ಅರ್ಧ ಕಚೇರಿಯ ಖರ್ಚಿಗೆ, ಅರ್ಧ ನನ್ನ ಸಂಬಳಕ್ಕೆ ಬಿತ್ತು. ನನ್ನ ಅರ್ಧದ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಿಂಗಳಿಗೆ ಎಷ್ಟು ಜನ ಹಾರಿದರು ಎಂಬುದನ್ನು ಮಾತ್ರ ಎಣಿಸಿ, ಹೊರಡುವ ಮುನ್ನ ಫೈಲನ್ನು ಎರಡನೆಯವರಿಂದ ನೋಡಿಸಲು ಒಬ್ಬ ಮನುಷ್ಯನನ್ನೂ ಕೊಡದ ಆಡಳಿತದ ಬಗ್ಗೆ ಇದೆ. ಕೇಳಿ ಎಂಟು ತಿಂಗಳಾಯಿತು.

ಸೂತ್ರವನ್ನು ಅಳಿಸಿದ್ದೇನೆ. ಈಗ ಅಭ್ಯರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಸ್‌ಪೋರ್ಟ್‌ನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಬ್ಬರೂ ನೋಡಿದ ಮೇಲೆಯೇ ಆ ಕಾಲಂ ತುಂಬುತ್ತೇನೆ. ಶೀಟ್ ಹತ್ತಕ್ಕೆ ಹೋಗುವುದಿಲ್ಲ, ಹನ್ನೊಂದಾಗುತ್ತದೆ. ನರ್ಸ್‌ಗಳ ಫೈಲ್ ಬಂದರೆ ಇನ್ನಷ್ಟು ಎಚ್ಚರ. 2015ರಿಂದ ಅವರ ಪಾಸ್‌ಪೋರ್ಟ್ ಇಸಿಎನ್‌ಆರ್ ಆಗಿದ್ದರೂ ಆ 18 ದೇಶಗಳಿಗೆ ಕ್ಲಿಯರೆನ್ಸ್ ಬೇಕು.

ಎರಡನೆಯ ಸಲ ಹುಡುಗ ಹೊರಟಾಗಲೂ ಅದೇ ಜೀಪು ಬಂದಿತ್ತು. ಅವನ ತಾಯಿ ನನ್ನ ಹತ್ತಿರ ಬಂದು, ಹೋದ ಸಲ ಇಲ್ಲದಿದ್ದ ಕಾಗದ ಯಾವುದು, ತೋರಿಸಿ ಎಂದರು. ಕ್ಲಿಯರೆನ್ಸ್‌ನ ಪ್ರತಿಯನ್ನು ಕೊಟ್ಟೆ. ಇಂಗ್ಲಿಷ್ ಓದಲು ಬರದ ಅವರು ಅದನ್ನು ಬೆಳಕಿಗೆ ಹಿಡಿದು, “ಇದರಲ್ಲಿ ಅವನ ಹೆಸರು ಎಲ್ಲಿದೆ?” ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಅವರೂ ಅಲ್ಲಿಯೇ ಬೆರಳಿಟ್ಟು ನೋಡಿ, ಕಾಗದವನ್ನು ಮಗನ ಕೈಗೆ ಕೊಟ್ಟರು.