ಬೆವೆಲ್ ಕನ್ನಡಿ ಎಲ್ಲಿ ಚೆಂದ, ಎಲ್ಲಿ ದಂಡ

ಸುತ್ತಲೂ ಅಂಚನ್ನು ಇಳಿಜಾರಾಗಿ ಉಜ್ಜಿ ಪಾಲಿಶ್ ಮಾಡಿದ ಬೆವೆಲ್ ಕನ್ನಡಿ ನನಗೆ ತುಂಬಾ ಇಷ್ಟ, ಆದರೆ ಎಲ್ಲ ಗೋಡೆಗೂ ಅಲ್ಲ. ಪಕ್ಕದಿಂದ ಬೆಳಕು ಬೀಳುವ ಗೋಡೆ ಇದ್ದರೆ ಮಾತ್ರ ಇದಕ್ಕೆ ಜಾಸ್ತಿ ದುಡ್ಡು ಹಾಕಿ. ಆ ಓರೆ ಅಂಚು ಪ್ರಿಸಂ ಥರ ಕೆಲಸ ಮಾಡುತ್ತದೆ, ಬಿಸಿಲು ಓರೆಯಾಗಿ ಬಿದ್ದರೆ ನೆಲದ ಮೇಲೋ ಎದುರು ಗೋಡೆ ಮೇಲೋ ಕಾಮನಬಿಲ್ಲಿನ ಬಣ್ಣದ ಪಟ್ಟಿ ಮೂಡುತ್ತದೆ. ಕಿಟಕಿಯೇ ಇಲ್ಲದ ಮೂಲೆಯಲ್ಲಿ, ಮಂಕು ದೀಪದ ಕೆಳಗೆ, ಅದು ಸುಮ್ನೆ ಒಂದು ಗೆರೆ ಅಷ್ಟೇ.

ಇನ್ನು ಬೆವೆಲ್ ಇದ್ದ ಮೇಲೆ ದಪ್ಪ ಫ್ರೇಮ್ ಯಾಕೆ? ಅಂಚೇ ಚೌಕಟ್ಟಾಗಿರುತ್ತದೆ ಅಲ್ವಾ. ಕೆತ್ತನೆಯ ಫ್ರೇಮ್ ಬೇಕೇ ಬೇಕು ಅನ್ನುವವರು ಸಾದಾ ಕನ್ನಡಿ ತಗೊಂಡರೆ ಸಾಕು.

ಅಳತೆ ನೋಡುವಾಗ ಒಂದು ವಿಷಯ. ತಲೆಯಿಂದ ಕಾಲಿನವರೆಗೆ ಕಾಣಲು ನಿಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು, ಸರಿಯಾದ ಎತ್ತರಕ್ಕೆ ತೂಗುಹಾಕಿದರೆ ಎಷ್ಟು ದೂರ ನಿಂತರೂ ಈ ಲೆಕ್ಕ ಬದಲಾಗುವುದಿಲ್ಲ. ಆದರೆ ಬೆವೆಲ್ ಭಾಗದಲ್ಲಿ ಬಿಂಬ ಒಡೆದು ಕಾಣುತ್ತದೆ, ಹಾಗಾಗಿ ಆ ಅರ್ಧವನ್ನು ಅಂಚು ಬಿಟ್ಟು ಲೆಕ್ಕ ಹಾಕಬೇಕು. ವಾಶ್ ಬೇಸಿನ್ ಮೇಲಿನ ಚಿಕ್ಕ ಕನ್ನಡಿಗೆ ಒಂದೂವರೆ ಇಂಚಿನ ಬೆವೆಲ್ ಮಾಡಿಸಿದರೆ ಮುಖ ನೋಡುವ ಜಾಗವೇ ಹೋಯಿತು! ಅಲ್ಲಿಗೆ ಅರ್ಧ ಇಂಚು ಬೇಕಾದಷ್ಟಾಯಿತು. ಚಿಕ್ಕ ಚಿಕ್ಕ ಬೆವೆಲ್ ತುಂಡುಗಳನ್ನು ಜೋಡಿಸಿದ ಗೋಡೆಯೂ ಹಾಗೆಯೇ, ಬೆಳಕಿನ ಆಟಕ್ಕೆ ಸೊಗಸು, ತಲೆ ಬಾಚಿಕೊಳ್ಳಲು ಹೋದರೆ ಮೂಗು ಒಂದು ತುಂಡಲ್ಲಿ, ಕಿವಿ ಇನ್ನೊಂದರಲ್ಲಿ.

ಅಗಲ ಬೆವೆಲ್ ಬೇಕಿದ್ದರೆ 5 ಅಥವಾ 6 ಮಿ.ಮೀ. ಗಾಜೇ ಕೇಳಿ. ತೆಳು ಗಾಜನ್ನು ಉಜ್ಜಿದರೆ ಅಂಚು ಇನ್ನೂ ತೆಳುವಾಗಿ ಬೇಗ ಚಕ್ಕೆ ಏಳುತ್ತದೆ. ಭಾರವನ್ನೂ ಮರೆಯಬೇಡಿ, 6 ಮಿ.ಮೀ. ಗಾಜು ಒಂದು ಚದರ ಮೀಟರಿಗೆ ಸುಮಾರು 15 ಕೆ.ಜಿ. ತೂಗುತ್ತದೆ. ಬರೀ ಟೇಪ್ ನಂಬಿ ಅಂಟಿಸಬೇಡಿ.

ಸಿಲಿಕೋನ್ ಅಂಟು ಹಾಕುವುದಾದರೆ ಅದರ ವಾಸನೆ ನೋಡಿ. ವಿನೆಗರ್ ವಾಸನೆ ಬಂದರೆ ಅದರಲ್ಲಿ ಅಸಿಟಿಕ್ ಆಮ್ಲ ಇದೆ ಅಂತ, ಅದು ಹಿಂದಿನ ಬೆಳ್ಳಿ ಲೇಪವನ್ನು ತಿಂದುಹಾಕುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತಲೇ ಕೇಳಿ ತನ್ನಿ. ಒರೆಸುವಾಗಲೂ ಸ್ಪ್ರೇಯನ್ನು ಬಟ್ಟೆಗೆ ಹೊಡೆಯಿರಿ, ಕನ್ನಡಿಗಲ್ಲ. ನೀರು ಇಳಿದು ಕೆಳಗಿನ ಅಂಚಿನಲ್ಲಿ ನಿಂತರೆ ಲೇಪಕ್ಕೆ ತೇವ ಹತ್ತಿ ಕಪ್ಪು ಕಲೆ ಶುರುವಾಗುತ್ತದೆ, ಅದನ್ನು ಎಷ್ಟು ಉಜ್ಜಿದರೂ ಹೋಗುವುದಿಲ್ಲ.