ಸಿಕ್ಕಿದ ಪ್ರಮೋಷನ್ ವಾಪಸ್ ಕೊಟ್ಟದ್ದು ಎಂತಕ್ಕೆ?

ಮೂರು ವರ್ಷದಿಂದ ಇದೇ ಪ್ರಶ್ನೆ. ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಒಮ್ಮೆ ಉತ್ತರಕ್ರಿಯೆಯ ಊಟದಲ್ಲೂ ಕೇಳಿದರು. ಬಾಯಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಗೊತ್ತಿಲ್ಲದವರಿಗೆ ಮೊದಲು ವಿಷಯ. ನಾನು ಬ್ಯಾಂಕಿನಲ್ಲಿ ಕ್ಲರ್ಕ್. 14 ವರ್ಷ ಉಡುಪಿ ಸುತ್ತಮುತ್ತ ಕ್ಯಾಶ್ ಕೌಂಟರಿನಲ್ಲಿದ್ದೆ. 2022ರಲ್ಲಿ ಪರೀಕ್ಷೆ ಬರೆದು ಆಫೀಸರ್ ಆದೆ. ಜೊತೆಗೆ ಪಾಸಾದವರಿಗೆ ಬಿಹಾರ, ಒಡಿಶಾ ಸಿಕ್ಕಿದರೆ ನನಗೆ ಮಂಗಳೂರು ಸಿಕ್ಕಿತು. ಏಳು ತಿಂಗಳು ಮಾಡಿದೆ. ಪ್ರೊಬೇಷನ್ ಮುಗಿಯುವ ಮೊದಲೇ ರಿವರ್ಷನ್ ಬೇಕು ಅಂತ ಬರೆದುಕೊಟ್ಟು ಪುನಃ ಕ್ಲರ್ಕ್ ಆದೆ. ಅಷ್ಟೇ. ಯಾರ ದುಡ್ಡೂ ತಿಂದಿಲ್ಲ. ಯಾರೂ ಹೊರಗೆ ಹಾಕಿದ್ದಲ್ಲ. ಗಂಡನ ಜೊತೆ ಜಗಳ ಆಗಿಲ್ಲ, ಅಂದರೆ ಈ ವಿಷಯಕ್ಕೆ ಆಗಿಲ್ಲ.

ಜನ ಇದನ್ನು ನೇರವಾಗಿ ಕೇಳುವುದಿಲ್ಲ, ಅದೇ ಸಿಟ್ಟು. ಕಳೆದ ವರ್ಷ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ, ಹೋಳಿಗೆ ಬರುತ್ತಾ ಇತ್ತು. ಎದುರಿನ ಸಾಲಿನಿಂದ ದೂರದ ಸಂಬಂಧದ ದೊಡ್ಡಮ್ಮ, ನಡುವೆ ಎರಡು ಸಾಲು ಜನ ಇರುವುದು ಕಾಣದ ಹಾಗೆ, "ಅಲ್ಲ ಮಾರಾಯ್ತಿ, ನೀನೇ ಕೇಳಿ ಡಿಮೋಷನ್ ತಗೊಂಡದ್ದಂತೆ, ಹೌದಾ?" ಅಂದರು. ಬಡಿಸುವವನ ಕೈ ಹೋಳಿಗೆ ಸಮೇತ ನಿಂತಿತು. ನಾನು ಹೌದು ಅಂದೆ. "ಮನೆಯಲ್ಲಿ ಎಲ್ಲ ಸರಿ ಉಂಟಲ್ಲ?" ಅಂತ ಮುಂದಿನ ಪ್ರಶ್ನೆ. ಎಲ್ಲ ಸರಿ ಉಂಟು ದೊಡ್ಡಮ್ಮ. "ಮತ್ತೆ ಎಂತಕ್ಕೆ?" ಬೇಜಾರಾಯಿತು ಅಂದೆ. ಅವರು ಪಕ್ಕದವರ ಕಡೆ ತಿರುಗಿ, "ಬೇಜಾರಾಯಿತಂತೆ" ಅಂದರು. ನಾನು ಸಿನಿಮಾ ಅರ್ಧಕ್ಕೆ ಬಿಟ್ಟು ಎದ್ದು ಬಂದ ಹಾಗೆ. ಹೋಳಿಗೆ ನನ್ನ ಎಲೆಗೆ ಬೀಳಲೇ ಇಲ್ಲ, ಅವನು ಗಲಿಬಿಲಿಯಲ್ಲಿ ಮುಂದೆ ಹೋಗಿಬಿಟ್ಟ. ಅದು ಇನ್ನೂ ಮನಸ್ಸಿನಲ್ಲಿ ಉಂಟು.

ದೊಡ್ಡಮ್ಮನನ್ನು ಪೂರ್ತಿ ದೂರುವ ಹಾಗೂ ಇಲ್ಲ. ನಮ್ಮೂರಿನಲ್ಲಿ ಬ್ಯಾಂಕ್ ಅಂದರೆ ಬರೀ ಬ್ಯಾಂಕ್ ಅಲ್ಲ. 1906ರಲ್ಲಿ ಮಂಗಳೂರಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. ಉಡುಪಿ ಬೇರೆ ಆಗುವ ಮೊದಲಿನ ಒಂದೇ ಜಿಲ್ಲೆಯಲ್ಲಿ ಐದು ಹುಟ್ಟಿದವು. ನನ್ನ ಅಜ್ಜಿ ಪಿಗ್ಮಿಯ, ಅಂದರೆ ಬ್ಯಾಂಕಿನವರು ಮನೆಗೇ ಬಂದು ತೆಗೆದುಕೊಳ್ಳುವ ದಿನದ ಉಳಿತಾಯದ, ಚಿಲ್ಲರೆಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ಕಾಯುತ್ತಿದ್ದರಂತೆ. ಹಾಗಿರುವಾಗ ಆಫೀಸರ್ ಕುರ್ಚಿ ಬೇಡ ಅನ್ನುವುದು ದೇವರ ಪ್ರಸಾದ ಬೇಡ ಅಂದ ಹಾಗೆ. ಆದರೂ ಒಂದು ಮಾತು. 2019, 2020ರ ವಿಲೀನದಲ್ಲಿ ಇವುಗಳಲ್ಲಿ ಮೂರು ಬ್ಯಾಂಕಿನ ಹೆಸರೇ ಹೋಯಿತು. ಅದಕ್ಕೆ ಎರಡು ತಿಂಗಳು ಬೇಜಾರು ಮಾಡಿ ಸುಮ್ಮನಾದ ನನ್ನ ನೆಂಟರು, ನನ್ನ ಒಂದು ಕುರ್ಚಿಗೆ ಮೂರು ವರ್ಷದಿಂದ ಬೇಜಾರು ಮಾಡುತ್ತಿದ್ದಾರೆ.

ಈ ಬೇಜಾರು ಅನ್ನುವ ಶಬ್ದದಲ್ಲೇ ಎಡವಟ್ಟು ಇರುವುದು. ಹೊತ್ತು ಹೋಗದಿದ್ದರೆ ಬೇಜಾರು. ಮದುವೆಗೆ ಕರೆಯದಿದ್ದರೆ ಬೇಜಾರು. ಅಜ್ಜ ತೀರಿಕೊಂಡರೂ ಬೇಜಾರು. ಇನ್ನೊಂದು ಉಂಟು, ಉದಾಸೀನ. ನಮ್ಮಲ್ಲಿ ಅದರ ಅರ್ಥ ಸೋಮಾರಿತನ. ಬೆಳಿಗ್ಗೆ ಏಳಲು ಮನಸ್ಸೇ ಬರುವುದಿಲ್ಲ ಅಂತ ಹೇಳಿದರೆ "ಉದಾಸೀನ ನಿನಗೆ" ಅಂತ ಮುಗಿಸುತ್ತಾರೆ. ನಾನೂ ನನಗೆ ನಾಲ್ಕು ತಿಂಗಳು ಅದನ್ನೇ ಹೇಳಿಕೊಂಡೆ.

ಹಾಗಾದರೆ ಅದು ಉದಾಸೀನ ಅಲ್ಲ ಅಂತ ಗೊತ್ತಾದದ್ದು ಹೇಗೆ? ಮಳೆಯಿಂದ. ಜುಲೈ ತಿಂಗಳು, ರಾತ್ರಿ ಮಕ್ಕಳೆಲ್ಲ ನಾಳೆ ಡಿಸಿ ರಜೆ ಕೊಡುತ್ತಾರಾ ಅಂತ ಫೋನ್ ನೋಡುವ ಕಾಲ. ನಮ್ಮ ಮನೆಯಲ್ಲಿ ಮಗನಿಗಿಂತ ಮೊದಲು ನಾನು ನೋಡುತ್ತಿದ್ದೆ. ರೆಡ್ ಅಲರ್ಟ್ ಅಂತ ಕಂಡರೆ ಎದೆ ಹಗುರ. ಶಾಲೆಗೆ ಕೊಡುವ ರಜೆ ಬ್ಯಾಂಕಿಗೆ ಇಲ್ಲ ಅಂತ ಗೊತ್ತಿದ್ದೂ! 41 ವರ್ಷದ ಹೆಂಗಸು, ಮಂಗಳೂರಿನ ದಾರಿಯಲ್ಲಿ ಮುಲ್ಕಿ ಹತ್ತಿರ ಹೆದ್ದಾರಿಗೆ ಮರ ಬಿದ್ದು ಎಕ್ಸ್‌ಪ್ರೆಸ್ ಬಸ್ ನಿಲ್ಲಲಿ ಅಂತ ಹಾರೈಸುವುದು. ಸರ್ವರ್ ಡೌನ್ ಆದರೆ ಗ್ರಾಹಕರ ಮುಂದೆ ಛೆ ಛೆ ಅನ್ನುತ್ತಿದ್ದೆ, ಒಳಗೆ ಖುಷಿ. ಯಕ್ಷಗಾನ ಮೇಳದವರಿಗೆ ಮಳೆಗಾಲದ ಮೊದಲು ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಲಿಕ್ಕೆ ಉಂಟು. ಮಲ್ಪೆಯ ಮೀನು ಹಿಡಿಯುವ ಬೋಟಿಗೂ ಜೂನ್ ಒಂದರಿಂದ 61 ದಿನ ರಜೆ. ನಮಗೆ ಸರ್ವರ್ ಡೌನ್ ಆಗಬೇಕು.

ಇದನ್ನು ನಗುತ್ತಾ ಹೇಳಬಹುದು. ಇನ್ನೊಂದನ್ನು ಹೇಳಲಾಗುವುದಿಲ್ಲ. ಒಂದು ದಿನ ಒಬ್ಬರು ಹೆಂಗಸು ಬಂದು ಪ್ಲಾಸ್ಟಿಕ್ ಕವರಿನಿಂದ ಗಂಡನ ಮರಣ ಪ್ರಮಾಣಪತ್ರ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಮಡಚಿದ ಗೆರೆ ಹರಿಯದ ಹಾಗೆ ಅಂಗೈಯಲ್ಲಿ ಒತ್ತಿ ಸರಿ ಮಾಡಿದರು. ಆಗ ನನ್ನ ತಲೆಗೆ ಮೊದಲು ಬಂದದ್ದು: ಇವರಿಗೆ ದುಡ್ಡು ಎಷ್ಟು ಬರಬಹುದು, ಅದರಲ್ಲಿ ಒಂದು ವಿಮೆ ಪಾಲಿಸಿ ಮಾಡಿಸಿದರೆ ಈ ತಿಂಗಳ ಟಾರ್ಗೆಟ್ ಆಗುತ್ತದಾ. ಮಾಡಿಸಲಿಲ್ಲ. ಆದರೆ ಯೋಚನೆ ಬಂತಲ್ಲ. ಆ ಸಂಜೆ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿದ್ದೂ ಗೊತ್ತಾಗಲಿಲ್ಲ.

ಆಮೇಲೆ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ವಿವರವಾಗಿ ಹೇಳಿದೆ. ಅದು ಕಾಯಿಲೆ ಅಲ್ಲ, ಕೆಲಸದಿಂದ ಬರುವ ಸ್ಥಿತಿ. ಗುರುತು ಮೂರು: ಶಕ್ತಿ ಬತ್ತಿ ಹೋಗುವುದು, ಕೆಲಸದಿಂದ ಮನಸ್ಸು ದೂರ ಆಗುವುದು ಅಥವಾ ಕಹಿಯಾಗುವುದು, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಅನಿಸುವುದು. ಸುಸ್ತು ಎಲ್ಲರಿಗೂ ಕಾಣುತ್ತದೆ. ಭಾನುವಾರ ಮಲಗಿದರೆ ಹೋಗುತ್ತದೆ ಅಂದುಕೊಳ್ಳುತ್ತೇವೆ. ನನಗೆ ಹೆದರಿಕೆ ಆದದ್ದು ಎರಡನೆಯದರಿಂದ.

ಮರುದಿನವೇ ಪತ್ರ ಬಿಸಾಡಿ ಬಂದೆ ಅಂದುಕೊಳ್ಳಬೇಡಿ. ಮನೆಸಾಲ ಇರುವವರು ಹಾಗೆ ಮಾಡುವುದಿಲ್ಲ. ಡೈರಿಯ ಹಿಂದಿನ ಪುಟದಲ್ಲಿ ಮೂರು ವಾರ ಬರೆದೆ, ಯಾವ ಹೊತ್ತಿಗೆ ಹೊಟ್ಟೆ ಹಿಂಡುತ್ತದೆ ಅಂತ. ಸಾಲದ ಫೈಲಿಗೆ ಹಿಂಡುತ್ತಿರಲಿಲ್ಲ, ಬೈಯುವ ಗ್ರಾಹಕರಿಗೂ ಇಲ್ಲ. ಬೆಳಿಗ್ಗೆಯ ವಿಡಿಯೋ ಮೀಟಿಂಗ್, ಸಂಜೆ ಆರಕ್ಕೆ ಗ್ರೂಪಿನಲ್ಲಿ "ಇವತ್ತಿನ ಫಿಗರ್ ಹಾಕಿ", ಈ ಎರಡೇ. ಅದನ್ನು ಹಿಡಿದುಕೊಂಡು ಸಾಲದ ವಿಭಾಗಕ್ಕೆ ಹಾಕಿ ಅಂತ ಕೇಳಿದೆ. ಜನ ಇಲ್ಲ ಅಂದರು. ಡಾಕ್ಟರಲ್ಲಿ ಹೋದೆ, ಬಿಪಿ ಇತ್ತು. ಒಂದು ರಾತ್ರಿ ಟೆಲಿ ಮಾನಸ್ ಅನ್ನುವ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ನಂಬರ್ 14416, ಫೋನ್ ಮಾಡಿದೆ. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು, ನಾನು ಜಾಸ್ತಿ ಅತ್ತೆ, ಕಡಿಮೆ ಹೇಳಿದೆ. ಕೊನೆಗೆ ಗಂಡ ಯಾರದ್ದೋ ಮದುವೆ ಕಾಗದದ ಹಿಂದೆ ಲೆಕ್ಕ ಹಾಕಿದರು. ತಿಂಗಳಿಗೆ 11 ಸಾವಿರ ಕಡಿಮೆ. ಕಾರು ಇನ್ನೂ ನಾಲ್ಕು ವರ್ಷ ಓಡಬೇಕು. "ಓಡುತ್ತದೆ ಬಿಡು" ಅಂದರು.

ಈ ಹನ್ನೊಂದು ಸಾವಿರದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿನಗೆ ಕೌಂಟರಿನಲ್ಲಿ ಅಂಥದ್ದು ಎಂತ ಇಷ್ಟ ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೋಳಿಗೆ ಬಿಟ್ಟಾದರೂ ಹೇಳುತ್ತಿದ್ದೆ.

ಈಗ ಇರುವ ಶಾಖೆಗೆ ಮೀನು ಮಾರುವ ಹೆಂಗಸರು ಬರುತ್ತಾರೆ. ಅವರ ನೋಟು ಪಸೆ ಪಸೆ, ಒಂದಕ್ಕೊಂದು ಅಂಟಿರುತ್ತದೆ. ಎಣಿಸುವ ಮೆಷಿನಿಗೆ ಹಾಕಿದರೆ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಹಾಗಾಗಿ ಕೈಯಲ್ಲೇ. ಮೂಲೆ ಬಿಡಿಸಬೇಕು, ಗಾಂಧಿ ಮುಖ ಒಂದೇ ಕಡೆ ಮಾಡಬೇಕು, ನೂರಕ್ಕೊಂದು ಕಟ್ಟು. ಬೆರಳಿನಲ್ಲಿ ಬಂಗುಡೆ ವಾಸನೆ ಸಂಜೆಯ ತನಕ ಇರುತ್ತದೆ. ಹೊರಗೆ ಅವರು ಇವತ್ತಿನ ರೇಟು ಮಾತಾಡುತ್ತಾ ಕಾಯುತ್ತಾರೆ, ನಡುವೆ "ಅಕ್ಕಾ, ಹತ್ತರ ನೋಟು ಉಂಟಾ?" ಅಂತ ಚಿಲ್ಲರೆಗೆ ಜಗಳ. ನಾಲ್ಕು ಗಂಟೆ ದಾಟಿದ ಮೇಲೆ ಲೆಕ್ಕ ಕೂಡಿಸಿದರೆ ಒಂದೋ ಸರಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಒಮ್ಮೆ 500 ರೂಪಾಯಿ ಕಡಿಮೆ ಬಂದು ಕೈಯಿಂದ ಕಟ್ಟಿದೆ. ಆ ರಾತ್ರಿಯೂ ನಿದ್ದೆ ಬಂತು. ಆಫೀಸರ್ ಆಗಿದ್ದಾಗ ಒಂದು ರೂಪಾಯಿ ಕಳೆದುಕೊಳ್ಳದೆ ಎಷ್ಟು ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆ ಅಂತ ಗಂಡನನ್ನು ಕೇಳಿ.

ಆಫೀಸರ್ ಕೆಲಸವೇ ಕೆಟ್ಟದ್ದು ಅಂತ ನಾನು ಹೇಳಿಲ್ಲ. ಖುಷಿಯಲ್ಲಿ ಮಾಡುವವರು ನನಗೆ ಗೊತ್ತಿದ್ದಾರೆ, ಒಳ್ಳೆಯ ಜನ. ನನ್ನನ್ನು ಹೆದರಿದವಳು ಅಂದರೂ ಅನ್ನಿ, ಉದಾಸೀನ ಅಂದರೂ ಅನ್ನಿ.

ನಮ್ಮ ಶಾಖೆಯ ಒಬ್ಬ ಹುಡುಗ ಈ ವರ್ಷ ಆಫೀಸರ್ ಆಗಿ ಹೊರಗೆ ಹೋದ. ನನ್ನ ಮಳೆಯ ಕಥೆಗೆ ಎಲ್ಲರಿಗಿಂತ ಜಾಸ್ತಿ ನಕ್ಕವನು ಅವನೇ. ನಿನ್ನೆ ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜ್ ಬಂದಿತ್ತು: "ಅಕ್ಕಾ, ನಾಳೆ ರೆಡ್ ಅಲರ್ಟ್ ಉಂಟಾ?"

ಇದು ಜನವರಿ. ಇವತ್ತು ಕ್ಯಾಶ್ ಮುಚ್ಚಿದ ಕೂಡಲೇ ಅವನಿಗೆ ಫೋನ್ ಮಾಡಬೇಕು.